ಬೆರಳಿಗೆ ಸಿಕ್ಕ ನಾಡಿ

"ಈ ಕಾಲಲ್ಲಿ ನಾಡಿ ಇದೆ ಅಂತ ಬರೆದಿದ್ದು ಯಾರು?"

ಊರಿನ ಸಣ್ಣ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೇತಕಿ ಬೆಚ್ಚಿದಳು. ಸಾತಾರಾದಿಂದ ಧಾವಿಸಿ ಬಂದಿದ್ದ ರಕ್ತನಾಳದ ಸರ್ಜನ್ ಹೃಷಿಕೇಶ ಇಂಗವಲೆಯನ್ನು ಅವಳು ನೋಡಿದ್ದು ಅದೇ ಮೊದಲು. ಮಂಚದ ಮೇಲೆ ಏಳು ವರ್ಷದ ಜುಯಿ ನರಳುತ್ತಿದ್ದಳು. ಬೆಳಿಗ್ಗೆ ಕಬ್ಬಿನ ಟ್ರಾಲಿ ಮಗುಚಿ ಅವಳ ಮಂಡಿಯ ಹತ್ತಿರವೇ ಮೂಳೆ ಮುರಿದಿತ್ತು.

"ನಾನೇ ಸರ್... ಬೆರಳಿಗೆ ಸಿಕ್ಕಿತ್ತು."

"ಮತ್ತೆ ಹಿಡೀರಿ. ಜೋರಾಗಿ ಎಣಿಸಿ."

ಕೇತಕಿ ಆ ಪುಟ್ಟ ಪಾದವನ್ನು ಒತ್ತಿ ಹಿಡಿದು ಎಣಿಸಿದಳು. ನಿಮಿಷಕ್ಕೆ ತೊಂಬತ್ತೆಂಟು. ಹೃಷಿಕೇಶ ಮಾನಿಟರ್ ತೋರಿಸಿದ. ಜುಯಿಯ ಎದೆಬಡಿತ ನೂರ ನಲವತ್ತು!

"ಅದು ಮಗುವಿನ ನಾಡಿ ಅಲ್ಲ ಡಾಕ್ಟರ್. ನಿಮ್ಮ ಬೆರಳಿಂದು."

ಅಯ್ಯೋ ದೇವರೇ... ಐದು ಗಂಟೆಯಿಂದ ಕಾಲಿಗೆ ರಕ್ತವೇ ಇಲ್ಲ! ಪಾದ ತಣ್ಣಗಿದ್ದಾಗಲೂ, ನಾಡಿ ಇದೆಯಲ್ಲ, ಚಳಿಗಿರಬೇಕು ಎಂದುಕೊಂಡಿದ್ದಳಲ್ಲ!

ಹೃಷಿಕೇಶ ಇನ್ನೊಂದು ಕಾಲಿನ ರಕ್ತನಾಳ ತೆಗೆದು, ಮುರಿದ ಮೂಳೆ ಹರಿದಿದ್ದ ನಾಳಕ್ಕೆ ಜೋಡಿಸಿದ. ರಕ್ತ ಹರಿಯಿತು. ಆದರೆ ಅಷ್ಟರಲ್ಲಿ ಮಾಂಸ ಸತ್ತಿತ್ತು. ನಾಲ್ಕನೆಯ ದಿನ ಕಾಲನ್ನು ಮಂಡಿಯ ಕೆಳಗೆ ಕತ್ತರಿಸಲೇಬೇಕಾಯಿತು. ಆಪರೇಷನ್ ಮುಗಿಸಿ ಮೆಟ್ಟಿಲ ಮೇಲೆ ಕುಳಿತು ಅವನು ಅತ್ತದ್ದನ್ನು ಕೇತಕಿ ನೋಡಿದಳು. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಆ ಹಾಳು ಗಳಿಗೆಯಲ್ಲೇ. ಮನಸ್ಸಿಗೆ ಹೊತ್ತುಗೊತ್ತು ಎಲ್ಲಿಯದು?

ಮರುದಿನ ಮುಖ್ಯ ವೈದ್ಯರ ಕೋಣೆಯಿಂದ ಅವನ ದನಿ ಕೇಳಿಸಿತು. "ಆ ಹುಡುಗೀನ ಒಬ್ಬಳನ್ನೇ ಡ್ಯೂಟಿಗೆ ಹಾಕ್ಬೇಡಿ."

ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ? ಸರಿಯೇ ಬಿಡು, ಯಾಕಿರಬೇಕು...

ಕೇತಕಿ ರಾಜೀನಾಮೆ ಬರೆದಳು. ಆದರೆ ಕೊಡುವ ಮೊದಲು ಜುಯಿ ಆಜಿ ಎನ್ನುವ ಅಜ್ಜಿಯ ಎದುರು ನಿಂತಳು. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಮುದುಕಿ.

"ಆಜಿ, ನಾಡಿ ಇರ್ಲಿಲ್ಲ. ನಾನು ಇದೆ ಅಂದೆ. ಕಾಲು ಹೋಗಿದ್ದು ನನ್ನಿಂದ."

ಆಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ನಿನ್ನ ಮಾರಿ ನೋಡಾಕ ಮನಸಿಲ್ಲ ಡಾಕ್ಟರೀಣಬಾಯಿ. ಆದ್ರ ನಾಳಿ ಪಟ್ಟಿ ಬಿಚ್ಚಾಕ ನೀನ ಬಾ. ಬ್ಯಾರೆಯವ್ರು ಮುಟ್ಟಿದ್ರ ಕೂಸು ಚೀರತೈತಿ."

ಹೊರಗೆ ಬಂದವಳು ಕಂಬ ಹಿಡಿದು ಬಿಕ್ಕಿದಳು. ಹೃಷಿಕೇಶ ಅಲ್ಲೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನನ್ನನ್ನ ನಂಬಬೇಡಿ ಅಂತ ಮುಖ್ಯ ವೈದ್ಯರಿಗೆ ಹೇಳಿದ್ರಲ್ಲ... ನಾನೇ ಹೋಗ್ತೀನಿ."

"ನಂಬಬೇಡಿ ಅಂದ್ನಾ? ಎರಡು ದಿನ ನಿದ್ದೆ ಇಲ್ದೆ ನಿಮ್ಮೊಬ್ಬರನ್ನೇ ಡ್ಯೂಟಿಗೆ ಇಟ್ಟಿದ್ರು. ಇನ್ಮೇಲೆ ಮಕ್ಕಳ ಕಾಲನ್ನ ಇಬ್ಬರು ನೋಡ್ಬೇಕು, ಡಾಪ್ಲರ್ ಯಂತ್ರ ಹಚ್ಚಿ ರಕ್ತ ಹರಿಯೋ ಸದ್ದು ಕೇಳ್ಲೇಬೇಕು ಅಂತ ಜಗಳ ಆಡ್ದೆ ಕೇತಕಿ!"

ಅವಳು ತಲೆಯೆತ್ತಿದಳು.

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಜುಯೀನ ನೋಡಿದಾಗೆಲ್ಲ ಬರುತ್ತೆ. ಆದ್ರೆ ಆ ಆಜಿ ಎದುರು ನಿಂತು ನಿಜ ಹೇಳಿದವಳನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ... ಕೋಪದ ಸಮೇತ."

ಕೇತಕಿಯ ಕಣ್ಣು ತುಂಬಿ ಹರಿಯಿತು. ಮಗುವಿನ ಕಾಲು ಹೋದ ಜಾಗದಲ್ಲಿ ತನಗೆ ಇಷ್ಟು ಸಿಗಬಾರದು ಎನಿಸಿತು.

"ಇರ್ತೀರಾ?" ಅವನು ಮೆಲ್ಲಗೆ ಕೇಳಿದ.

"ನಾಳೆ ಜುಯಿಯ ಪಟ್ಟಿ ಬಿಚ್ಚಬೇಕು..."

"ನಾಡಿದ್ದು?"

"ನಾಡಿದ್ದೂ ಬಿಚ್ಚಬೇಕಲ್ಲ... ನೀವೂ ಬನ್ನಿ."