ಜೇಬಿನಲ್ಲಿಟ್ಟ ಮಾತು

“ನಮ್ಮಪ್ಪ ಮಾತಾಡೋದು ಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕೆ ಬಂದಿರೋರು ನೀವೇನಾ?”

ಬಾಗಿಲು ತೆರೆದವನ ಮೊದಲ ಮಾತೇ ಹೀಗಿತ್ತು. ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವಳಿಗೆ ಒಂದು ಲೋಟ ನೀರು ಕೇಳುವ ಧೈರ್ಯವೂ ಆಗಲಿಲ್ಲ.

“ತೀರ್ಮಾನ ಕಂಪನಿಯದು. ನಾನು ನೋಡಿ ಹೇಳೋಳು, ಅಷ್ಟೇ.”

“ಕತ್ತರಿಸೋದು ಕತ್ತರಿ, ಕೈದೇನೂ ತಪ್ಪಿಲ್ಲ ಅನ್ನಿ.”

ಎಂಥ ಉರಿ ಆ ಕಣ್ಣಲ್ಲಿ... ಆದರೂ ಎಷ್ಟು ಚೆಂದದ ಕಣ್ಣು! ಹಾಗನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಆರೋಗ್ಯ ವಿಮಾ ಕಂಪನಿಯ ಪರಿಶೀಲಕಿ. ರೋಗಿಗಳ ಮನೆಗೆ ಹೋಗಿ, ಚಿಕಿತ್ಸೆಯಿಂದ ಗುಣ ಕಾಣುತ್ತಿದೆಯೇ ಎಂದು ನೋಡಿ ವರದಿ ಕೊಡುವುದು ಅವಳ ಕೆಲಸ. ಅವನದು ಅದೇ ಕಟ್ಟಡದ ಕೆಳಗೆ ಕನ್ನಡಕದ ಅಂಗಡಿ. ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಬಸ್ಸಿನ ತುಂಬ ಬಾಯಿ ಮಾಡುತ್ತಲೇ ಬದುಕಿದ ಮನುಷ್ಯ, ಪಾರ್ಶ್ವವಾಯು ಬಡಿದ ಮೇಲೆ ಮಾತು ಕಳೆದುಕೊಂಡು ಕುರ್ಚಿ ಹಿಡಿದಿದ್ದರು. ಮಾತು ಮರಳಿ ಕಲಿಸಲು ಥೆರಪಿಸ್ಟ್ ಒಬ್ಬರು ಮನೆಗೆ ಬರುತ್ತಿದ್ದರು. ಅವರ ಶುಲ್ಕವನ್ನು ಕಂಪನಿ ಕೊಡಬೇಕೇ ಎಂಬುದೇ ಈಗಿನ ಪ್ರಶ್ನೆ.

ಅವಳು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿದಳು. ಬೀಗ, ಬಾಚಣಿಗೆ, ಕೊಡೆ... ಅಪ್ಪನ ತುಟಿ ಅಲುಗಿತು, ಸ್ವರ ಬರಲಿಲ್ಲ. ಕೊನೆಗೆ ಬಸ್ಸಿನ ಚಿತ್ರ ಬಂತು. ಅಪ್ಪ ಅದನ್ನೇ ದಿಟ್ಟಿಸಿದರು. ಆಮೇಲೆ ಎಡಗೈ ಅವಳತ್ತ ಚಾಚಿದರು.

“ಟಿ... ಕೆಟ್?”

ಅವಳು ಬ್ಯಾಗೆಲ್ಲ ತಡಕಾಡಿ, ಬೆಳಿಗ್ಗೆ ತಗೊಂಡಿದ್ದ ಬಸ್ ಟಿಕೆಟ್ಟನ್ನು ಅವರ ಅಂಗೈಯಲ್ಲಿಟ್ಟಳು. ಅಪ್ಪ ಸೊಟ್ಟ ಬಾಯಲ್ಲೇ ನಕ್ಕರು. ಬಾಗಿಲ ಬಳಿ ಮುಖ ಗಂಟಿಕ್ಕಿ ನಿಂತಿದ್ದವನಿಗೂ ನಗು ತಡೆಯಲಾಗಲಿಲ್ಲ.

ಮೆಟ್ಟಿಲವರೆಗೆ ಕಳಿಸಲು ಬಂದವನು ಮೆತ್ತಗೆ ಕೇಳಿದ. “ಎಲ್ಲಿವರೆಗೆ ಕೊಡ್ತಾರೆ ಮೇಡಂ?”

“ಹೋದ ಸಲಕ್ಕಿಂತ ಈ ಸಲ ಹೆಚ್ಚು ಮಾತು ಬಂದ್ರೆ ಕೊಡ್ತಾರೆ. ಇದ್ದಲ್ಲೇ ಇದ್ರೆ ನಿಲ್ಲಿಸ್ತಾರೆ. ಪೂರ್ತಿ ಬಂದುಬಿಟ್ರೂ ನಿಲ್ಲಿಸ್ತಾರೆ.”

“ಒಳ್ಳೆ ಕತೆ. ಗುಣ ಆಗ್ತಾನೇ ಇರಬೇಕು, ಆದ್ರೆ ಆಗಿಬಿಡಬಾರದು.”

ಅವಳು ಸುಮ್ಮನೆ ಇಳಿದು ಹೋಗಬಹುದಿತ್ತು. ಆದರೆ ಅವನ ಮುಖದಲ್ಲಿ ಅಷ್ಟು ಹೊತ್ತೂ ಇದ್ದ ಸಿಟ್ಟು ಮಾಯವಾಗಿ, ಬರೀ ಭಯ ಉಳಿದಿತ್ತು.

“ಅದಕ್ಕೇ... ಬಂದದ್ದೆಲ್ಲ ಒಂದೇ ಸಲ ತೋರಿಸಬೇಡಿ. ಮುಂದಿನ ಸಲಕ್ಕೂ ಒಂದಿಷ್ಟು ಇಟ್ಕೊಳ್ಳಿ.”

ಕೆಲಸಕ್ಕೆ ಕುತ್ತು ತರುವ ಮಾತು. ಯಾರಿಗೂ ಹೇಳದ್ದನ್ನು ಇವನಿಗೇಕೆ ಹೇಳಿದೆ ಎಂದು ದಾರಿಯುದ್ದಕ್ಕೂ ಅವಳಿಗೆ ಬಗೆಹರಿಯಲಿಲ್ಲ.

ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ. ಥೆರಪಿಸ್ಟ್ ಕೂಡ ಕಂಪನಿಗೆ ವರದಿ ಕಳಿಸುವವರೇ. ಬಾಯಿತಪ್ಪಿ ಅವರ ಮುಂದೆ ಹೊಸ ಮಾತು ಬಂದರೆ? ಆ ಹೆದರಿಕೆಗೆ ಮನೆಯಲ್ಲೂ ಅಪ್ಪನಿಗೆ ಕಟ್ಟುಪಾಡು ಹಾಕಿದ. “ಈ ಮಾತು ಇಟ್ಕೋ ಅಪ್ಪಾ, ಮೇಡಂ ಬಂದಾಗ ಹೇಳುವೆಯಂತೆ.”

ಅಪ್ಪನಿಗೆ ಅದೊಂದು ಆಟ. ಕಣ್ಣು ಮಿಟುಕಿಸಿ, ಚಿಲ್ಲರೆ ಹಾಕಿಕೊಂಡವರ ಹಾಗೆ ಅಂಗಿಯ ಜೇಬು ತಟ್ಟಿಕೊಳ್ಳುತ್ತಿದ್ದರು. ಅವಳು ಬಂದಾಗ ಒಂದೊಂದೇ ಹೊರಗೆ ಬರುತ್ತಿತ್ತು. ಬೀಗ. ಕೊಡೆ. ಒಮ್ಮೆ ಅವಳನ್ನೇ ನೋಡಿ, “ಒಳಗೆ... ಬಾ... ತಾಯಿ.”

ಅವಳು ಅದನ್ನು ಬರೆದುಕೊಂಡಳು. ತಲೆ ತಗ್ಗಿಸಿದಾಗ ಕನ್ನಡಕ ಜಾರಿತು.

“ಆವಾಗಿಂದ ನೋಡ್ತಿದೀನಿ, ನಿಮ್ಮ ಫ್ರೇಮು ಸಡಿಲ ಆಗಿದೆ,” ಎಂದು ಅವನು ಅದನ್ನು ತೆಗೆದು, ಕಡ್ಡಿ ಬಗ್ಗಿಸಿ, ತಾನೇ ತೊಡಿಸಿದ. ಬೆರಳು ಅವಳ ಕಿವಿಯ ಹಿಂದೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನಿಂತಿತು.

‘ಈಗ ಏನಾದರೂ ಹೇಳ್ತಾನಾ...’

ಹೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಿನ ಸಲ ಇದ್ದೇ ಇದೆಯಲ್ಲ ಎಂದುಕೊಂಡಳು.

ಆದರೆ ಮುಂದಿನ ಸಲ ಮನೆಗೆ ಬೀಗ ಹಾಕಿತ್ತು. ಬೆಳಗಾಗುತ್ತಲೇ ಅಪ್ಪನಿಗೆ ಎರಡನೇ ಬಾರಿ ಪಾರ್ಶ್ವವಾಯು ಹೊಡೆದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು.

ಆಸ್ಪತ್ರೆಯಿಂದ ಮರಳಿದ ಅಪ್ಪನ ಮುಂದೆ ಅವಳು ಮತ್ತೆ ಕಾರ್ಡು ಹಿಡಿದಳು. ಬೀಗಕ್ಕೆ ಮಾತಿಲ್ಲ, ಕೊಡೆಗೆ ಇಲ್ಲ. ಬಸ್ಸಿನ ಚಿತ್ರವನ್ನು ಕೈ ಸೋಲುವವರೆಗೆ ಹಿಡಿದೇ ಇದ್ದಳು. ಅಪ್ಪನ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ.

ಆಫೀಸಿನಲ್ಲಿ ಮೇಲಧಿಕಾರಿಯ ಮುಂದೆ ಅಂಗಲಾಚಿದಳು. ಅವರೇನೂ ಕೆಟ್ಟವರಲ್ಲ. “ಸುಧಾರಿಸೋ ಹಾಗಿದ್ರೆ ನಾನೇ ಕೊಡಿಸ್ತಿದ್ದೆ ಕಣಮ್ಮ. ಇಲ್ಲಿ ಏನಿದೆ ಹೇಳು?” ಎಂದರು. ಸುಧಾರಣೆಯ ನಿರೀಕ್ಷೆಯಿಲ್ಲ, ಶುಲ್ಕ ನಿಲ್ಲಿಸಲಾಗಿದೆ ಎಂಬ ತಿಳಿವಳಿಕೆ ಅವಳ ಸಹಿಯಲ್ಲೇ ಹೋಯಿತು.

ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ. “ಸಹಿ ಹಾಕಿ ಕೈ ತೊಳ್ಕೊಂಡ್ರಲ್ಲ ಮೇಡಂ. ಸಂತೋಷ.”

ಅವಳು ಎಷ್ಟೋ ದಿನ ಆ ಬೀದಿಗೇ ಕಾಲಿಡಲಿಲ್ಲ. ಒಂದು ಸಂಜೆ ಮಾತ್ರ ತಡೆಯಲಾಗಲಿಲ್ಲ. ಕಾರ್ಡಿಲ್ಲದೆ, ಬರಿಗೈಯಲ್ಲಿ ಆ ಬಾಗಿಲು ತಟ್ಟಿದಳು.

ಅವನು ಸೊರಗಿ ಹೋಗಿದ್ದ. ಥೆರಪಿಸ್ಟ್ ಬರುತ್ತಿರಲಿಲ್ಲ. ಅಪ್ಪ ಕಿಟಕಿ ಪಕ್ಕ ಹಾಸಿಗೆಯಲ್ಲಿದ್ದರು, ಕಣ್ಣು ತೆರೆದೇ ಇತ್ತು.

“ಈಗ ಇನ್ನೇನು ನಿಲ್ಲಿಸೋಕೆ ಬಂದ್ರಿ?”

“ನನ್ನನ್ನ ಬೈಯಿರಿ. ಇಟ್ಕೊಳ್ಳಿ ಅಂತ ಹೇಳಿದೋಳು ನಾನೇ.”

ಅವನು ಬೈಯಲಿಲ್ಲ. ಗೋಡೆಗೊರಗಿ ಕುಸಿದು ಕುಳಿತ.

“ಸಹಿ ನೋಡಿ ಬೈದೆ ಅನ್ಕೊಂಡ್ರಾ? ನನ್ನ ತಪ್ಪು ಹೊರೋಕೆ ಯಾರಾದ್ರೂ ಬೇಕಿತ್ತು, ನೀವು ಸಿಕ್ಕಿದ್ರಿ. ಆಸ್ಪತ್ರೆಗೆ ಸೇರಿಸೋ ಹಿಂದಿನ ಸಂಜೆ ಅಪ್ಪ ನನ್ನ ಕೈ ಹಿಡ್ಕೊಂಡು ಏನೋ ಹೇಳೋಕೆ ಬಂದಿತ್ತು. ನಾಳೆ ಮೇಡಂ ಬರ್ತಾರೆ, ಆಗ ಹೇಳು ಅಂದೆ. ಜೇಬು ತಟ್ಟಿ ಸುಮ್ಮನಾಯ್ತು... ಅದೇನು ಅಂತ ಇನ್ನು ಯಾರು ಹೇಳ್ತಾರೆ?”

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಅವನು ಮಗುವಿನ ಹಾಗೆ ಅತ್ತ. ಅವಳೂ ಅತ್ತಳು.

“ನಾನೂ ಒಂದು ಮಾತು ಇಟ್ಕೊಂಡಿದ್ದೆ,” ಎಂದಳು ಕೊನೆಗೆ. “ನೀವು ಕನ್ನಡಕ ತೊಡಿಸಿದ ದಿನದಿಂದ.”

“ಇಟ್ಕೋಬೇಡಿ.” ಅವನ ದನಿ ಒಡೆಯಿತು. “ಈ ಮನೇಲಿ ಇನ್ನು ಯಾರೂ ಏನೂ ಇಟ್ಕೊಳ್ಳೋದು ಬೇಡ.”

“ನನಗೆ ನೀವಂದ್ರೆ ಪ್ರಾಣ.”

“ನನಗೂ. ಮೆಟ್ಟಿಲ ಮೇಲೆ ನಿಂತು ಮಾತಾಡಿದ್ರಲ್ಲ, ಅವತ್ತಿಂದ.”

ಅವನು ಅಪ್ಪನ ನಿಶ್ಚಲ ಕೈಯನ್ನು ಎತ್ತಿ ಅವಳ ಕೈಯಲ್ಲಿಟ್ಟ. “ಇನ್ನೊಂದ್ಸಲ ಹೇಳ್ತೀರಾ? ಸ್ವಲ್ಪ ಜೋರಾಗಿ. ಅಪ್ಪನಿಗೆ ಕೇಳಿಸುತ್ತೋ ಇಲ್ಲವೋ...”

ಅವಳು ಹಾಸಿಗೆಯತ್ತ ಬಾಗಿ, ಜೋರಾಗಿ, ಇನ್ನೊಮ್ಮೆ ಹೇಳಿದಳು. ಅಪ್ಪ ಕಿಟಕಿಯಾಚೆ ನೋಡುತ್ತಲೇ ಇದ್ದರು. ಇಬ್ಬರೂ ಬಹಳ ಹೊತ್ತು ಕಾದರು.