ಸೀತಜ್ಜಿಯ ಕುಟ್ಟಾಣಿ

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಬೆಳಿಗ್ಗೆ ಪ್ರಣೀತಾ ಒಬ್ಬಳಿಗೆ ಸಾಕಾಗುವಷ್ಟು ಚಹಾ ಮಾಡಿದಳು. ಅಳತೆ ಸರಿಯಾಗಿತ್ತು. ಗಂಡ ಯೋಗೀಶನನ್ನು ಕೊಂದವಳು ತಾನೇ ಎಂಬುದು ನೆನಪಾದದ್ದು ಎರಡನೇ ಗುಟುಕಿಗೆ. ಅಳು ಬರಲಿಲ್ಲ. ಬಿಸ್ಕೆಟ್ ಇತ್ತು, ಅದ್ದಿಕೊಂಡಳು.

ಕುಡಿಯುತ್ತಿದ್ದಾಗ ಅವನು ಹೊಡೆಯುತ್ತಿದ್ದ. ಅದು ಬಿಜೂರಿನ ನಾಲ್ಕು ಮನೆಗಳಿಗೆ ಮಾತ್ರ ಗೊತ್ತಿತ್ತು. ಎರಡು ಸಾವಿರದ ಏಳರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅವನು ಪ್ಯಾಕೆಟ್ಟಿನಿಂದ ಬಾಟಲಿಗೆ ಬಡ್ತಿ ಪಡೆದ. ಮರುವರ್ಷ ಮದ್ಯವರ್ಜನ ಶಿಬಿರದವರು ಹಿಡಿದು ಕೂರಿಸಿ, ಮಾತ್ರೆ ಕೊಡಿಸಿ, ಬಿಡಿಸಿಯೇ ಬಿಟ್ಟರು. ಆಮೇಲೆ ಉಪ್ಪುಂದ, ಕೋಟ, ಬ್ರಹ್ಮಾವರ, ಎಲ್ಲಿ ಶಾಮಿಯಾನ ಹಾಕಿದರೂ ಯೋಗೀಶನ ಭಾಷಣ. “ಈ ಕೈಯಗೇ ಹೆಂಡ್ತಿ ಹಲ್ಲ್ ಉದುರ್ಸಿದ್ದೆ” ಎಂದು ಕೈ ಎತ್ತಿ ತೋರಿಸುವನು. ಜನ ಕಣ್ಣೊರೆಸಿಕೊಳ್ಳುವರು. ವೇದಿಕೆಯಲ್ಲಿ ಪಕ್ಕದಲ್ಲೇ ಕುಳಿತ ಅವಳು ನಗಬೇಕು, ಹಲ್ಲಿಲ್ಲದ ಜಾಗ ಕಾಣುವ ಹಾಗೆ. ಶಾಲು ಅವನಿಗೆ, ಹಣ್ಣಿನ ಬುಟ್ಟಿ ಅವಳಿಗೆ.

ಒಂದನ್ನು ಮಾತ್ರ ಅವನು ಮೈಕಿನಲ್ಲಿ ಹೇಳುತ್ತಿರಲಿಲ್ಲ. ಕುಡಿತ ಬಿಟ್ಟದ್ದು ಆತ್ಮಬಲದಿಂದ ಎನ್ನುತ್ತಿದ್ದವನು ಮಾತ್ರೆಯನ್ನು ಇನ್ನೂ ಬಿಟ್ಟಿರಲಿಲ್ಲ. ಕುಂದಾಪುರದಿಂದ ಗುಟ್ಟಾಗಿ ತರುತ್ತಿದ್ದ. ಇಡೀ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ಪಕ್ಕದ ಮನೆಯ ಸೀತಜ್ಜಿಯ ಹತ್ತಿರ ಎಲೆಅಡಿಕೆ ಕುಟ್ಟುವ ಹಳೆಯ ಕುಟ್ಟಾಣಿ ಕೇಳಿ ತಂದಿದ್ದ. ದಿನಾ ಪುಡಿ ಮಾಡಿ ಕೊಡುವುದು ಪ್ರಣೀತಾಳ ಪಾಲಿನ ಸಮಾಜಸೇವೆ.

ಅವಳು ವಿಶ್ವವಿದ್ಯಾಲಯದಲ್ಲಿ ಮದ್ಯ ನಿಯಂತ್ರಣ ನೀತಿಯ ಮೇಲೆ ಪ್ರಬಂಧ ಬರೆದವಳು. ನೂರಿಪ್ಪತ್ತು ಪುಟಗಳ ಸಾರ ಇಷ್ಟೆ: ಯಾವ ಯೋಜನೆಗೂ ರೋಗಿಗಿಂತ ಅಂಕಿಅಂಶದ ಆರೋಗ್ಯ ಮುಖ್ಯ. ಅವಳ ಯೋಜನೆ ಅದರ ಮೇಲೆಯೇ ನಿಂತಿತು. ಮಾತ್ರೆ ತಿನ್ನುವವರ ಹೊಟ್ಟೆಗೆ ಮದ್ಯ ಹೋದರೆ ಎದೆ ನಿಂತೀತು ಎಂದು ಶಿಬಿರದ ಡಾಕ್ಟರೇ ಎಚ್ಚರಿಸಿದ್ದರು. ಅಷ್ಟು ಶ್ರದ್ಧೆಯಿಂದ ಆ ಉಪನ್ಯಾಸ ಕೇಳಿದವಳು ಅವಳೊಬ್ಬಳೇ ಇರಬೇಕು. ಅವನಿಗೆ ನೆಗಡಿಯಾದ ಸಂಜೆ ಕಷಾಯ ಕೊಟ್ಟಳು. ಅದರಲ್ಲಿದ್ದದ್ದು ಶುಂಠಿ, ಕಾಳುಮೆಣಸು ಮಾತ್ರವಲ್ಲ.

ಮದ್ಯದ ವಾಸನೆ ಬಂದರೂ ಭಯವಿರಲಿಲ್ಲ. ಕುಡುಕ ಮತ್ತೆ ಕುಡಿದರೆ ಯಾರಿಗೆ ಆಶ್ಚರ್ಯ? ಅದನ್ನು ಮುಚ್ಚಿಡಲು ಶಿಬಿರದ ಸಮಿತಿಯೇ ಇದೆ. ಹಾಗೆಯೇ ಆಯಿತು. ಅಧ್ಯಕ್ಷ ಶೇಖರಣ್ಣ ಹೆಣದ ಬಳಿ ಬಗ್ಗಿ ಮೂಸಿದರು, ಮುಖ ಸಿಂಡರಿಸಿದರು, ಡಾಕ್ಟರ ಕಡೆ ತಿರುಗಿದರು.

“ಹಾರ್ಟೇ ಡಾಕ್ಟ್ರೇ, ಬೇರೆಂತ ಅಲ್ಲ. ಬಪ್ಪ ವಾರ ನಮ್ದ್ ವಾರ್ಷಿಕೋತ್ಸವ ಇತ್ತ್.”

ಮಧ್ಯಾಹ್ನದೊಳಗೆ ಸುಟ್ಟೂ ಆಯಿತು. ಸಾವಿನ ಫಾರ್ಮ್ ತುಂಬಲು ಬಂದ ಆರೋಗ್ಯ ಕೇಂದ್ರದ ಅನಿಷಾ “ಮಾತ್ರಿ ಏನಾರೂ ತಕಂತಿದ್ರಾ ಅಕ್ಕ?” ಎಂದು ಕೇಳಿದ್ದಕ್ಕೆ ಪ್ರಣೀತಾ, “ಅದ್ ಬಿಟ್ಟ್ ವರ್ಷ ಆಯ್ತ್” ಎಂದಿದ್ದಳು. ಅನಿಷಾ ಹಾಗೆಯೇ ಬರೆದುಕೊಂಡಿದ್ದಳು.

ಉಳಿದದ್ದು ಕುಟ್ಟಾಣಿ. ಅದನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಪುಡಿಯೂ ಹೋಯಿತು, ಎಲೆಅಡಿಕೆಯ ಹಳೆಯ ಕೆಂಪೂ ಹೋಯಿತು. ಖಾಲಿ ಕೊಡಬಾರದೆಂದು ಎರಡು ಅಡಿಕೆ ಹಾಕಿಕೊಂಡು ಹೊರಟಳು.

ಸೀತಜ್ಜಿಯ ಜಗಲಿಯಲ್ಲಿ ಅನಿಷಾ ಕುಳಿತಿದ್ದಳು. ಫಾರ್ಮಿಗೆ ನೆರೆಯವರ ಸಹಿಯೂ ಬೇಕಂತೆ. ಹೆಬ್ಬೆಟ್ಟು ಒತ್ತಿಸಿಯಾಗಿತ್ತು, ಅವಳು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಳು. ಅಜ್ಜಿ ಕುಟ್ಟಾಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಇದನ್ ತೊಳೂದುಂಟಾ ಹೆಣೆ? ನಲ್ವತ್ ವರ್ಷದ ರಂಗ್. ಇರ್ಲಿ, ಮಾತ್ರಿ ಕಹಿ ಹೋಯ್ಕಲ್ಲ. ಅಂವ ಸಾಯೂಕೆ ಹಿಂದಿನ ದಿನವೂ ಕೇಂಡಿದ್ದೆ ನಾನ್, ‘ಕುಟ್ಟಾಣಿ ಎಲ್ಲಿ ಮಗಾ’ ಅಂದೇಳಿ. ‘ಇನ್ನೂ ಬೇಕ್ ಅಜ್ಜಿ, ಹೆಂಡ್ತಿ ದಿನಾ ಮಾತ್ರಿ ಕುಟ್ಟಿ ಕೊಡ್ತ್ಲ್. ಯಾರಿಗೂ ಹೇಳ್ಬೇಡಿ, ನಿಮ್ಗೊಬ್ರಿಗೇ ಹೇಳೂದ್’ ಅಂದ. ಪಾಪ, ಅವ್ನ ಬಾಯಗೆ ಎಂತ ನಿಂತಿತ್ತ್ ಹೇಳ್.” ಅನಿಷಾ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದಳು.