ಸುಮ್ಮನಿದ್ದರೆ ಕಟ್

"ಹಲೋ, ಕೇಳ್ತಾ ಉಂಟಾ?"

"ಉಂಟ್ರಿ ಮೇಡಂ, ಭಾಳ ಉಂಟು!"

ಆ ಕಡೆ ಭೀಮು ನಕ್ಕರೆ ಈ ಕಡೆ ಜ್ಯೋತ್ಸ್ನಾಳ ಕಿವಿ ಕೆಂಪಾಗುತ್ತಿತ್ತು. ಮರಾಠಿ ನಾಡಿನ ಕೋಥರೂಡದಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗಳು ಅವಳು. ಶಿವಾಜಿನಗರದ ಆಫೀಸಿನಲ್ಲಿ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣದ ಆ್ಯಪ್ ಸುಧಾರಿಸುವುದು ಅವಳ ಕೆಲಸ. ಅವನು ಇಂದಾಪುರದ ಹತ್ತಿರ ಕಟ್ಟಡ ಕೆಲಸ ಮಾಡುತ್ತ ಬಿ.ಎ. ಓದುವ, ಕಲಬುರಗಿ ಕಡೆಯ ಹುಡುಗ. ನೆಟ್‌ವರ್ಕ್ ಸರಿಯಿಲ್ಲದ ಕಡೆ ಪಾಠ ಹೇಗೆ ಕೇಳಿಸುತ್ತದೆಂದು ತಿಳಿಯಲು ಮಧ್ಯಾಹ್ನದ ಹೊತ್ತು ಆ್ಯಪ್‌ನಲ್ಲೇ ಅವನಿಗೆ ಕರೆ ಮಾಡುತ್ತಿದ್ದಳು. ಡೇಟಾ ಉಳಿಯಲೆಂದು ವಿಡಿಯೋ ಆಫ್. ಮುಖ ನೋಡದೆಯೇ ಮನಸ್ಸು ಜಾರಿತ್ತು.

"ಪಾಠ ಮುಗದ್ರೂ ಲೈನ್ ಚಾಲೂನೇ ಇರ್ತದ್ರಿ. ಸುಮ್ಮನಿದ್ರೂ ಡೇಟಾ ತಿಂತದ. ಏನರೆ ಮಾಡ್ರಿ," ಎಂದು ಅವನೇ ಕೇಳಿಕೊಂಡಿದ್ದ.

ಮಾಡಿದಳು, ಜೀವ ತೇದು, ಅವನಿಗಾಗಿಯೇ. ಎರಡೂ ಕಡೆ ಕೆಲ ಕ್ಷಣ ಯಾರೂ ಮಾತಾಡದಿದ್ದರೆ ಕರೆ ತಾನಾಗಿಯೇ ಕಟ್. ಮೇಲಧಿಕಾರಿ ನೀಲಿಮಾ ಬೆನ್ನು ತಟ್ಟಿದರು. ಹುಚ್ಚು ಹುಡುಗಿ, ಆ್ಯಪ್ ಸರಿಹೋದರೆ ಟೆಸ್ಟಿಂಗ್ ಕರೆಯ ನೆಪವೂ ಉಳಿಯುವುದಿಲ್ಲ ಎಂಬುದು ಜ್ಯೋತ್ಸ್ನಾಳಿಗೆ ಹೊಳೆದದ್ದು ಆಮೇಲೆ.

ಕೊನೆಯ ಟೆಸ್ಟಿಂಗ್ ಕರೆಯ ಹೊತ್ತಿಗೆ ಭೀಮು ಊರಿನ ಮನೆಗೆ ಹೋಗಿದ್ದ. ಅವತ್ತು ನಗಲಿಲ್ಲ.

"ಮನ್ಯಾಗ ಹೆಣ್ಣು ನೋಡ್ಯಾರ್ರಿ. ಭಾಗ್ಯಾ ಅಂತ, ನಮ್ಮ ಸ್ವಾದರಮಾವನ ಮಗಳು. ಅವ್ವ ಒಳಗ ಕಾಯ್ಲಾಕತ್ತಾಳ, ಈಗೇ ಹೇಳಬೇಕಂತ. ನಾ... ಬ್ಯಾಡ ಅನ್ನಲೇನ್ರಿ? ನೀವು ಹೇಳ್ರಿ."

ಅನ್ನು ಭೀಮು, ಬೇಡ ಅನ್ನು! ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಪ್ಪನ ಮುಖ ನೆನಪಾಗಿ ಅಲ್ಲೇ ನಿಂತಿತು. ಒಮ್ಮೆ ಉಸಿರೆಳೆದುಕೊಂಡು ಹೇಳಿಯೇಬಿಡೋಣ ಎಂದುಕೊಂಡಳು. ಆ ಕಡೆ ಅವನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

ಕರೆ ಕಟ್ ಆಯಿತು.

ಕರೆಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಅವನು ಎತ್ತಿದ್ದು ಬಹಳ ಹೊತ್ತಿನ ಮೇಲೆ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು.

"ನೀವು ಫೋನ್ ಇಟ್ರಿ, ನನಗ ತಿಳೀತ್ರಿ ಮೇಡಂ. ಸಿಟ್ಟಿಲ್ರಿ. ಅವ್ವಗ ಹೂಂ ಅಂದೆ."

"ಇಟ್ಟದ್ದು ನಾನಲ್ಲ ಭೀಮು! ಆ್ಯಪ್... ನಾನೇ ಮಾಡಿದ್ದು. ಬೇಡ ಅನ್ನಿ ಅಂತ ಹೇಳ್ಲಿಕ್ಕಿತ್ತು ನಂಗೆ."

ಅವನು ಹೊರಗೆ ನಡೆದು ಬಂದ, ನಗು ಹಿಂದುಳಿಯಿತು.

"ಲಗ್ನ ಗಟ್ಟಿ ಅಂತ ಸಕ್ಕರಿ ಹಂಚ್ಯಾರ್ರಿ. ಮಾತು ತಿರಗಸ್ಲಾಕ ಬರಂಗಿಲ್ಲ," ಎಂದ. ದನಿ ಒಡೆದಿತ್ತು. "ಏನರೆ ಮಾತಾಡ್ರಿ ಜ್ಯೋತ್ಸ್ನಾ, ಕಟ್ ಆಗ್ತದ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡಳು.

"ಕೇಳ್ತಾ ಉಂಟಾ?"

"ಉಂಟ್ರಿ."

ಆಮೇಲೆ ಇಬ್ಬರಿಗೂ ಮಾತು ಸಿಗಲಿಲ್ಲ.